ಕೆಂಪು ಬೆಳಕು, ತಟ್ಟೆಯ ಜೀವಕೋಶ, ಅವ್ವನ ಪಾದ: ರಾಯಚೂರು ಆರೋಗ್ಯ ಗುಂಪಿನ ಪ್ರಶ್ನೋತ್ತರ

ಮಾನ್ವಿಯ ಸದಸ್ಯರು: ಡಾಕ್ಟರ್ ಮೇಡಂ, ನಮಸ್ಕಾರ. ಕೆಂಪು ಬೆಳಕಿಗೆ ಜೀವಕೋಶಗಳು ಬೇಗ ಬೆಳೆಯುವುದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂಬ ಸಂದೇಶ ಓದಿ, ಸಕ್ಕರೆ ಕಾಯಿಲೆಯಿರುವ ನಮ್ಮ ಅವ್ವನ ಪಾದದ ಗಾಯಕ್ಕೆ ಹದಿನೈದು ದಿನಗಳಿಂದ ದಿನಕ್ಕೊಂದು ಗಂಟೆ ದೀಪ ಹಿಡಿಯುತ್ತಿದ್ದೇವೆ. ಗಾಯ ಮಾಯುತ್ತಿಲ್ಲ. ಸಮಯ ಹೆಚ್ಚಿಸಬೇಕೇ?

ಡಾಕ್ಟರ್: ಹೆಚ್ಚಿಸಬೇಡಿ, ಇಂದೇ ನಿಲ್ಲಿಸಿ. ಪ್ರಯೋಗಾಲಯದ ಮಾತು ಸುಳ್ಳಲ್ಲ, ಆದರೆ ಅದು ಅವ್ವನ ಪಾದದ ಮಾತಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶಗಳು ಒಂದೇ ಪದರವಾಗಿ ಅಂಟಿಕೊಂಡಿರುವುದರಿಂದ ಬೆಳಕು ನೇರವಾಗಿ ಅವುಗಳನ್ನೇ ಮುಟ್ಟುತ್ತದೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಹೀರಿಕೊಂಡು, ಆ ಶಕ್ತಿಯನ್ನು ಹೊರುವ ಎಟಿಪಿ ಎಂಬ ಅಣುವಿನ ಉತ್ಪಾದನೆ ಹೆಚ್ಚುತ್ತದೆ ಎಂಬುದು ಹೆಚ್ಚಾಗಿ ಕೊಡುವ ವಿವರಣೆ. ಪಾದದಲ್ಲಿ ಕೀವು, ಸತ್ತ ಚರ್ಮ, ರಕ್ತ ಎಲ್ಲವೂ ಬೆಳಕನ್ನು ನಡುವೆಯೇ ತಡೆಯುತ್ತವೆ. ರಕ್ತವೇ ಸರಿಯಾಗಿ ಹರಿಯದಿದ್ದರೆ ಯಾವ ದೀಪವೂ ಗಾಯವನ್ನು ಮಾಯಿಸಲಾರದು. ಜೊತೆಗೆ, ಈ ಕಾಯಿಲೆಯಲ್ಲಿ ನರಗಳು ಸೋತು ಸ್ಪರ್ಶ ಹೋಗಿದ್ದರೆ ದೀಪದ ಕಾವಿಗೆ ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಗಾಯದ ಅಂಚು ಕಪ್ಪಾಗಿದೆಯೇ, ವಾಸನೆ ಬರುತ್ತಿದೆಯೇ, ತಕ್ಷಣ ತಿಳಿಸಿ.

ಬಳ್ಳಾರಿಯ ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಕೆಂಪು ಬೆಳಕನ್ನು ಒಂದು ನಿಮಿಷ ಬಿಟ್ಟಾಗ, ನಾನು ತಟ್ಟೆಯಲ್ಲಿ ಬೆಳೆಸಿದ, ಗಾಯ ಕೂಡಿಸಲು ನೆರವಾಗುವ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳ ಬೆಳವಣಿಗೆ ಹೆಚ್ಚಿತು. ಹತ್ತು ನಿಮಿಷ ಬಿಟ್ಟಾಗ ಬೆಳಕು ಬೀಳದ ತಟ್ಟೆಗಿಂತಲೂ ಕಡಿಮೆಯಾಯಿತು. ತಪ್ಪು ಎಲ್ಲಾಗಿದೆ?

ಡಾಕ್ಟರ್: ತಪ್ಪೇ ಆಗಿರಬೇಕೆಂದಿಲ್ಲಮ್ಮ. ಚದರ ಸೆಂಟಿಮೀಟರಿಗೆ ಬಿದ್ದ ಶಕ್ತಿ ಮೊದಲನೆಯದರಲ್ಲಿ 3 ಜೂಲ್, ಎರಡನೆಯದರಲ್ಲಿ 30 ಜೂಲ್. ಅಲ್ಪ ಪ್ರಮಾಣ ಪ್ರಚೋದಿಸುವುದೂ ಅತಿಯಾದದ್ದು ತಡೆಯುವುದೂ ಇಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಗುಣ. ಆದರೂ ಬೆಳಕು ಬೀಳದ ತಟ್ಟೆಯನ್ನೂ ಹತ್ತು ನಿಮಿಷ, ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಹೊರಗೆ ಇಟ್ಟಿದ್ದಿರಾ? ದ್ರವದ ಉಷ್ಣಾಂಶ ಅಳೆದಿರಾ? ಬಣ್ಣದ ಗಾಢತೆಯಿಂದ ಕೋಶಗಳನ್ನು ಅಂದಾಜಿಸುವ ಎಂಟಿಟಿ ಪರೀಕ್ಷೆಯೊಂದನ್ನೇ ನಂಬಿದ್ದರೆ ಕೋಶಗಳನ್ನು ಎಣಿಸಿಯೂ ನೋಡಿ. ಆ ಬಣ್ಣ ತೋರಿಸುವುದು ಕೋಶದೊಳಗಿನ ರಾಸಾಯನಿಕ ಚಟುವಟಿಕೆಯಾದ ಚಯಾಪಚಯವನ್ನೇ ಹೊರತು ಸಂಖ್ಯೆಯನ್ನಲ್ಲ, ಮತ್ತು ಬೆಳಕು ಮೊದಲು ಬದಲಿಸುವುದೂ ಚಯಾಪಚಯವನ್ನೇ.

ಸಿಂಧನೂರಿನ ಸದಸ್ಯರು: 1967ರ ಸುಮಾರಿಗೆ ಹಂಗೇರಿಯ ಎಂಡ್ರೆ ಮೆಸ್ಟರ್ ಅವರು ಲೇಸರ್ ಬಿಟ್ಟ ಇಲಿಗಳಲ್ಲಿ ಬೋಳಿಸಿದ ಕೂದಲು ಬೇಗ ಬೆಳೆದುದನ್ನು ಕಂಡರೆಂದು ಓದಿದ್ದೇನೆ. ನನ್ನ ತಲೆಗೂ ಉಪಯೋಗವಾದೀತೇ?

ದೇವದುರ್ಗದ ಸದಸ್ಯರು: ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ: "ಅರಿಶಿನ ಹಚ್ಚಿ, ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಹಿಡಿದರೆ ಕ್ಯಾನ್ಸರ್ ಗಡ್ಡೆ ಕರಗುತ್ತದೆ."

ಡಾಕ್ಟರ್: ಇದನ್ನು ಅಳಿಸಿ. ತಟ್ಟೆಯಲ್ಲಿ ಕೆಲವು ಕ್ಯಾನ್ಸರ್ ಕೋಶಗಳೂ ಈ ಬೆಳಕಿಗೆ ಚುರುಕಾಗಿ ಬೆಳೆದಿವೆ. ಇದನ್ನು ನಂಬಿ ಯಾರಾದರೂ ಚಿಕಿತ್ಸೆ ತಡಮಾಡಿದರೆ ಹೊಣೆ ಯಾರದು?

ಲಿಂಗಸುಗೂರಿನ ಸದಸ್ಯರು: ಕ್ಯಾನ್ಸರ್ ಆಸ್ಪತ್ರೆಗಳಲ್ಲೇ ಬಾಯಿಹುಣ್ಣಿಗೆ ಈ ಬೆಳಕನ್ನು ಬಳಸುತ್ತಾರಲ್ಲ!

ದೇವದುರ್ಗದ ಸದಸ್ಯರು: ಹಾಗಾದರೆ ನಾನು ಹಾಕಿದ್ದರಲ್ಲಿ ತಪ್ಪೇನು?

ಲಿಂಗಸುಗೂರಿನ ಸದಸ್ಯರು: ಅಣ್ಣಾವ್ರೇ, ನಾನು ನಿಮ್ಮ ಟಾರ್ಚನ್ನು ಸಮರ್ಥಿಸಲಿಲ್ಲ. ಓದಿ ಮಾತನಾಡಿ.

ದೇವದುರ್ಗದ ಸದಸ್ಯರು: ಓದಿದವರು ನೀವೊಬ್ಬರೇ ಅಲ್ಲ.

ಡಾಕ್ಟರ್: ಕೀಮೋ ಮತ್ತು ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಬಾಯಿಹುಣ್ಣು ತಡೆಯಲು ಅಳೆದ ಪ್ರಮಾಣದಲ್ಲಿ ತಜ್ಞರು ಬಳಸುತ್ತಾರೆ, ಗಡ್ಡೆ ಕರಗಿಸಲು ಅಲ್ಲ. ಈ ವಾದ ಇಲ್ಲಿಗೆ ಸಾಕು.

ಮಸ್ಕಿಯ ಸದಸ್ಯರು: ಮೇಡಂ, ಸಕ್ಕರೆ ಗಾಯಕ್ಕೆ ಎಷ್ಟು ನಿಮಿಷ ಹಿಡಿಯಬೇಕು?

ಡಾಕ್ಟರ್: ಮೇಲೆ ಬರೆದಿದ್ದೇನೆ. ಹಿಡಿಯಬೇಡಿ.

ಸಿಂಧನೂರಿನ ಸದಸ್ಯರು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡಾಕ್ಟರ್: ಮಾನ್ವಿಯವರೇ, ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರಿಸಿಲ್ಲ.

ಮಾನ್ವಿಯ ಸದಸ್ಯರು: ಕ್ಷಮಿಸಿ ಮೇಡಂ, ಹೊಲದಲ್ಲಿದ್ದೆ. ಅಂಚು ಕಪ್ಪಾಗಿದೆ, ವಾಸನೆಯೂ ಇದೆ. ಅವ್ವ ನೋವೇ ಇಲ್ಲವೆನ್ನುತ್ತಾಳೆ, ಅದಕ್ಕೇ ನಾವು ಧೈರ್ಯವಾಗಿದ್ದೆವು.

ಡಾಕ್ಟರ್: ನೋವಿಲ್ಲವೆಂಬುದೇ ನನಗೆ ಭಯ. ಬೆಳಗಿನವರೆಗೆ ಕಾಯದೆ ಈಗಲೇ ರಾಯಚೂರಿನ ರಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ. ಆ ಪಾದವನ್ನು ನೆಲಕ್ಕೆ ಊರಲು ಬಿಡಬೇಡಿ, ಹೊತ್ತುಕೊಂಡು ಗಾಡಿಯಲ್ಲಿ ಕೂರಿಸಿ. ಹೊರಟ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ.