ಹಿಂದಿನ ಕ್ಯಾಲಿಪರ್ ಪಿಸ್ಟನ್ ಸುತ್ತುತ್ತೆ, ಒಳಗೆ ಹೋಗಲ್ಲ (ಸ್ಕೋಡಾ ಲಾರಾ)

ಸೋಮವಾರಪೇಟೆ_ಲಾರಾ

ಗಾಡಿ ಲಾರಾ ಡೀಸೆಲ್, ಹಿಂದೆ ಡಿಸ್ಕ್, ಕೈಯಲ್ಲಿ ಎಳೆಯೋ ಮಾಮೂಲಿ ಹ್ಯಾಂಡ್‌ಬ್ರೇಕ್. ಹಿಂದಿನ ಪ್ಯಾಡ್ ಮನೆಯಲ್ಲೇ ಬದಲಾಯಿಸ್ತಾ ಇದ್ದೀನಿ. ಬಲಗಡೆ ಎರಡೂ ಪ್ಯಾಡ್ ಸಮವಾಗಿ ಸವೆದಿದೆ. ಎಡಗಡೆ ಹೊರಗಿನದರಲ್ಲಿ ಇನ್ನೂ 5 ಮಿ.ಮೀ. ಇದೆ, ಒಳಗಿನದು ತಗಡಿಗೆ ಬಂದುಬಿಟ್ಟಿದೆ.

ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಪಿಸ್ಟನ್ನನ್ನ ತಿರುಗಿಸಿ ಒಳಗೆ ಕಳಿಸೋಕೆ ನನ್ನ ಹತ್ರ ಇರೋ ಟೂಲ್ ಅಂದ್ರೆ ರಾಚೆಟ್ ತುದಿಗೆ ಸಿಕ್ಕಿಸೋ ಆರು ಮುಖದ ಚೌಕ. ಬಲಗಡೆ ಒದ್ದಾಡಿ ಒಳಗೆ ಹೋಯ್ತು. ಎಡಗಡೆ ಪಿಸ್ಟನ್ ನಿಂತಲ್ಲೇ ಸುತ್ತುತ್ತೆ, ಒಂದು ಕೂದಲೆಳೆಯಷ್ಟೂ ಒಳಗೆ ಹೋಗಲ್ಲ. ಸಿ-ಕ್ಲಾಂಪ್ ಹಾಕಿ ಒತ್ತಿಬಿಡಲಾ? ಎಡಗಡೆಗೆ ಉಲ್ಟಾ ತಿರುಗಿಸಬೇಕಾ? ವಾರದ ಕೊನೆಗೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗೋದಿದೆ.

ಪಾನಾ_ಪೆಟ್ಟಿಗೆ

ಸಿ-ಕ್ಲಾಂಪ್ ಮುಟ್ಟಲೇಬೇಡಿ ಸಾರ್. ಮುಂದಿನ ಕ್ಯಾಲಿಪರ್ ಪಿಸ್ಟನ್ ನೇರ ಒತ್ತಿದ್ರೆ ಹೋಗುತ್ತೆ, ನಿಮ್ಮ ಹಿಂದಿನದು ಹಾಗಲ್ಲ. ಅದರ ಹೊಟ್ಟೆಯೊಳಗೆ ಹ್ಯಾಂಡ್‌ಬ್ರೇಕ್‌ಗೆ ಅಂತ ಒಂದು ಸ್ಕ್ರೂ, ಅದರ ಮೇಲೆ ಒಂದು ನಟ್ಟು ಇದೆ. ಪ್ಯಾಡ್ ಸವೆದ ಹಾಗೆ ಆ ನಟ್ಟು ತಾನೇ ತಿರುಗಿ ಮುಂದೆ ಬರುತ್ತೆ. ನೇರ ಒತ್ತಿದ್ರೆ ಥ್ರೆಡ್ ಹಾಳು, ಆಮೇಲೆ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ, ಪೂರ್ತಿ ಕ್ಯಾಲಿಪರ್ ತರಬೇಕು.

ನಿಂತಲ್ಲೇ ಸುತ್ತೋದಕ್ಕೂ ಕಾರಣ ಅದೇ ನಟ್ಟು. ಒತ್ತಡ ಇದ್ದಾಗ ಮಾತ್ರ ಅದು ಪಿಸ್ಟನ್ ಒಳಗೋಡೆಗೆ ಕಚ್ಚಿಕೊಂಡು ಜೊತೆಗೆ ತಿರುಗುತ್ತೆ. ಒತ್ತಡ ಇಲ್ಲದಿದ್ರೆ ನಟ್ಟು ನಿಂತಲ್ಲೇ, ಪಿಸ್ಟನ್ ಮಾತ್ರ ಗಿರಗಿರ. ಚೌಕದ ಟೂಲ್‌ನಲ್ಲಿ ತಿರುಗಿಸಬಹುದು, ಒತ್ತೋಕಾಗಲ್ಲ. ಒತ್ತೋದಕ್ಕೆ ಉದ್ದ ಸ್ಕ್ರೂ, ಹಿಂದೆ ಆನಿಸೋ ಪ್ಲೇಟ್, ಬೇರೆ ಬೇರೆ ಗಾತ್ರದ ಬಿಲ್ಲೆ ಇರೋ ಪೆಟ್ಟಿಗೆ ಸೆಟ್ಟೇ ಬೇಕು. ಎಡ ಥ್ರೆಡ್, ಬಲ ಥ್ರೆಡ್ ಎರಡೂ ಸ್ಕ್ರೂ ಇರೋ ಸೆಟ್ ತಗೊಳ್ಳಿ. ಲಾರಾಗೆ ಎರಡೂ ಕಡೆ ಗಡಿಯಾರದ ದಿಕ್ಕೇ. ಉಲ್ಟಾ ತಿರುಗಿಸಿದ್ರೆ ಪಿಸ್ಟನ್ ಹೊರಗೆ ಬರುತ್ತೆ, ಜಾಸ್ತಿಯಾದ್ರೆ ಕಳಚಿ ಆಯಿಲ್ ಸುರಿಯುತ್ತೆ.

ಮಾಡೋ ಕ್ರಮ ಹೀಗೆ. ಸಮತಟ್ಟಾದ ಜಾಗ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಗೇರ್ ಫಸ್ಟ್‌ನಲ್ಲಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಬೇಕು. ಗಾಡಿ ಸ್ಟ್ಯಾಂಡ್ ಮೇಲೆ, ಬರೀ ಜಾಕ್ ಮೇಲಲ್ಲ. ಹಸಿ ಮಣ್ಣಿನ ಅಂಗಳ ಆದ್ರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ, ಇಲ್ಲಾಂದ್ರೆ ಕಾಲು ಹೂತುಹೋಗುತ್ತೆ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮ್ಯಾಕ್ಸ್ ಗೆರೆ ಹತ್ರ ಇದ್ರೆ ಸಿರಿಂಜ್‌ನಲ್ಲಿ ಸ್ವಲ್ಪ ಎಳೆದುಬಿಡಿ. ಪಿಸ್ಟನ್ ಒಳಗೆ ಹೋದಾಗ ಆಯಿಲ್ ಮೇಲೆ ಬಂದು ಚೆಲ್ಲುತ್ತೆ, ಪೇಂಟ್ ತಿನ್ನುತ್ತೆ. ಚೆಲ್ಲಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ಕ್ಯಾಲಿಪರ್ ಬೋಲ್ಟ್‌ಗೆ 13ರ ಪಾನಾ, ಹಿಂದಿನ ಪಿನ್ ಸುತ್ತದ ಹಾಗೆ ಹಿಡಿಯೋಕೆ 15ರ ತೆಳು ಪಾನಾ. ಬಿಚ್ಚಿದ ಕ್ಯಾಲಿಪರನ್ನ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ, ಹೋಸ್ ಮೇಲೆ ಜೋತುಬಿಡಬೇಡಿ.

ಇನ್ನು ಟೂಲ್ ಹಿಡಿಯೋ ಮುಂಚೆ ಒಂದು ಕೆಲಸ. ಪಿಸ್ಟನ್ ಸುತ್ತ ಇರೋ ರಬ್ಬರ್ ಬೂಟಿನ ತುಟಿಯನ್ನ ಮೆಲ್ಲಗೆ ಎತ್ತಿ ಅದರ ಕೆಳಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ. ಇದನ್ನ ಹೆಚ್ಚಿನವರು ಮಾಡಲ್ಲ. ಒಣಗಿದ್ರೆ ಬೂಟು ಪಿಸ್ಟನ್‌ಗೆ ಅಂಟಿ ಜೊತೆಗೇ ತಿರುಚಿಕೊಳ್ಳುತ್ತೆ, ಹಿಂಡಿದ ಬಟ್ಟೆ ಥರ ಮಡಿಕೆ ಬಿದ್ದು ಹರಿಯುತ್ತೆ. ನಮ್ಮ ಮಳೆಗೆ ಹರಿದ ಬೂಟು ಅಂದ್ರೆ ಮುಂದಿನ ವರ್ಷ ತುಕ್ಕು ಹಿಡಿದು ಜಾಮ್ ಆದ ಪಿಸ್ಟನ್ ಅಂತಲೇ ಅರ್ಥ. ಆಮೇಲೆ ಬಿಲ್ಲೆಯ ಗುಬುಟು ಪಿಸ್ಟನ್ ಮುಖದ ಕಚ್ಚಿನಲ್ಲಿ ಕೂರಿಸಿ, ಪ್ಲೇಟ್ ಕ್ಯಾಲಿಪರ್ ಬೆರಳುಗಳಿಗೆ ಆನಿಸಿ, ಸ್ಕ್ರೂ ಬಿಗಿಯಾಗೋವರೆಗೆ ತಿರುಗಿಸಿ. ಹಿಡಿ ಅರ್ಧ ಸುತ್ತು, ಮತ್ತೆ ಬಿಗಿ ನೋಡಿ, ಮತ್ತೆ ಅರ್ಧ ಸುತ್ತು. ಪ್ರತಿ ಸಲ ಬೂಟಿನ ಮೇಲೆ ಕಣ್ಣಿರಲಿ, ತಿರುಚೋಕೆ ಶುರುವಾದ್ರೆ ನಿಲ್ಲಿಸಿ ಬಿಡಿಸಿ. ಕೈಬಲಕ್ಕೆ ಹೋಗ್ಬೇಕು. ಪೈಪ್ ಹಾಕಿ ಎಳೆಯೋ ಪರಿಸ್ಥಿತಿ ಬಂತು ಅಂದ್ರೆ ಇನ್ನೇನೋ ತೊಂದರೆ ಇದೆ.

ಜೋಡಿಸುವಾಗ ಕ್ಯಾಲಿಪರಿನ ಆ ಎರಡು ಬೋಲ್ಟ್ ಹೊಸದು ಹಾಕಿ, 35 ನ್ಯೂಟನ್ ಮೀಟರ್. ಚಕ್ರದ ಬೋಲ್ಟ್ 120.

ಘಾಟಿ_ಇಳಿಯೋನು

ಮೇಲಿನವರು ಹೇಳಿದ್ದು ಸರಿ. ಆದ್ರೆ ಎಡಗಡೆ ಒಳಪ್ಯಾಡ್ ಮಾತ್ರ ಯಾಕೆ ಸವೀತು ಅನ್ನೋದನ್ನ ಕಂಡುಹಿಡೀದೆ ಹೊಸ ಪ್ಯಾಡ್ ಹಾಕಿದ್ರೆ ಅದೂ ಹಾಗೇ ಹೋಗುತ್ತೆ. ಇದಕ್ಕೆ ಹೆಚ್ಚಾಗಿ ಎರಡು ಕಾರಣ.

ಒಂದು, ಸ್ಲೈಡ್ ಪಿನ್ ಜಾಮ್. ಪಿಸ್ಟನ್ ಒಳಪ್ಯಾಡನ್ನ ತಳ್ಳುತ್ತೆ, ಕ್ಯಾಲಿಪರ್ ಜಾರದೆ ಇದ್ರೆ ಹೊರಪ್ಯಾಡಿಗೆ ಕೆಲಸವೇ ಇಲ್ಲ. ಎರಡೂ ಪಿನ್ ಬೆರಳಲ್ಲೇ ಒಳಗೆ ಹೊರಗೆ ಆಡಬೇಕು. ಆಡದಿದ್ರೆ ಹೊರಗೆಳೆದು, ಹಳೇ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ. ಬೇರಿಂಗ್ ಗ್ರೀಸ್, ಇಂಜಿನ್ ಆಯಿಲ್, ಸೀಮೆಎಣ್ಣೆ ಯಾವುದೂ ಬೇಡ, ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತೆ.

ಎರಡು, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡ್ತಿಲ್ಲ. ಕೊಡಗಿನ ಗಾಡಿಗಳಲ್ಲಿ ನನ್ನ ಅನುಮಾನ ಯಾವಾಗಲೂ ಇದರ ಮೇಲೇ. ಕ್ಯಾಲಿಪರ್ ಹಿಂದೆ ಕೇಬಲ್ ಸಿಕ್ಕಿಸಿರೋ ಸಣ್ಣ ಲಿವರ್ ಇದೆ, ಅದು ತನ್ನ ಸ್ಟಾಪರ್‌ಗೆ ತಾಗಿ ನಿಂತಿರಬೇಕು. ತಾಗದೆ ನಡುವೆ ನಿಂತಿದ್ರೆ ಒಳಗಿನ ಸ್ಕ್ರೂ ಹೊರಗೇ ಚಾಚಿರುತ್ತೆ, ಯಾವ ಟೂಲ್ ಹಾಕಿದ್ರೂ ಪಿಸ್ಟನ್ ಪೂರ್ತಿ ಒಳಗೆ ಕೂರಲ್ಲ. ಕೇಬಲ್ ತುದಿ ಕಳಚಿ ನೋಡಿ. ಲಿವರ್ ಟಪ್ ಅಂತ ವಾಪಸ್ ಹೊಡೆದ್ರೆ ಕ್ಯಾಲಿಪರ್ ಸರಿಯಿದೆ, ಕೇಬಲ್ ಒಳಗೆ ನೀರು ಹೋಗಿ ತುಕ್ಕು ಹಿಡಿದಿದೆ. ಕೇಬಲ್ ಕಳಚಿದ್ರೂ ಲಿವರ್ ಸೋಮಾರಿ ಥರ ನಿಂತಿದ್ರೆ ಕ್ಯಾಲಿಪರ್ ಶಾಫ್ಟೇ ಹಿಡಿದಿದೆ.

ಇನ್ನೊಂದು ಚಾಳಿ: ಪ್ಯಾಡ್ ಸವೆದು ಹ್ಯಾಂಡ್‌ಬ್ರೇಕ್ ಮೇಲಕ್ಕೆ ಬಂತು ಅಂತ ಗಾಡಿ ಒಳಗಡೆ ಇರೋ ಕೇಬಲ್ ನಟ್ ಬಿಗಿ ಮಾಡಿಸ್ತಾರೆ. ಆಗ ಲಿವರ್ ಯಾವತ್ತೂ ಸ್ಟಾಪರ್‌ಗೆ ಬರಲ್ಲ, ತಾನೇ ಅಡ್ಜಸ್ಟ್ ಆಗೋ ವ್ಯವಸ್ಥೆಯೂ ನಿಂತುಹೋಗುತ್ತೆ. ಪ್ಯಾಡ್ ಹಾಕೋ ಮುಂಚೆ ಆ ನಟ್ ಸಡಿಲ ಮಾಡಿ, ಕೆಲಸ ಎಲ್ಲ ಮುಗಿದ ಮೇಲೆ ಬಿಗಿ ಮಾಡಿ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಶೆಡ್ಡಲ್ಲಿ ನಿಲ್ಲೋ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಗೇರ್‌ಗೆ ಹಾಕಿ, ಕಲ್ಲು ಕೊಡಿ.

ವಿರಾಜಪೇಟೆ_ರೋಡ್

ಬೇರೆ ಗಾಡಿಯವರು ಇದನ್ನ ಓದಿ ಹಾಗೇ ಮಾಡೋಕೆ ಹೋಗಬೇಡಿ. ಹೋಂಡಾ ಸಿವಿಕ್ ಥರದವುಗಳಲ್ಲಿ ಒಳಪ್ಯಾಡಿನ ಬೆನ್ನಲ್ಲಿ ಒಂದು ಗುಬುಟು ಇರುತ್ತೆ, ಅದು ಪಿಸ್ಟನ್ ಮುಖದ ಕಚ್ಚಿನೊಳಗೆ ಕೂರಬೇಕು. ಕೊನೆಗೆ ಪಿಸ್ಟನ್ನನ್ನ ಆ ಲೆಕ್ಕಕ್ಕೆ ನಿಲ್ಲಿಸಿ. ಗುಬುಟು ಅಂಚಿನ ಮೇಲೆ ಕೂತ್ರೆ ಪ್ಯಾಡ್ ಓರೆಯಾಗಿ ಸವೀತದೆ, ಚಕ್ರ ಬಿಸಿಯಾಗ್ತದೆ. ಹ್ಯಾಂಡ್‌ಬ್ರೇಕಿಗೆ ಬಟನ್ ಇದ್ದು ಕ್ಯಾಲಿಪರಿಗೆ ಮೋಟರ್ ಕೂರಿಸಿರೋ ಗಾಡಿಗೆ ಈ ಟೂಲ್ ಬೇಡವೇ ಬೇಡ. ಸ್ಕ್ಯಾನರ್‌ನಲ್ಲಿ ಸರ್ವಿಸ್ ಮೋಡ್‌ಗೆ ಹಾಕಿದ ಮೇಲೆ ಪಿಸ್ಟನ್ ನೇರ ಒತ್ತಿದ್ರೆ ಹೋಗುತ್ತೆ.

ಸೋಮವಾರಪೇಟೆ_ಲಾರಾ

ಪೆಟ್ಟಿಗೆ ಸೆಟ್ ತರಿಸಿದೆ. ಪಿನ್ ಎರಡೂ ಸಲೀಸಾಗಿ ಆಡ್ತಾವೆ. ಕೇಬಲ್ ಕಳಚಿದ್ರೂ ಎಡಗಡೆ ಲಿವರ್ ವಾಪಸ್ ಹೋಗಲ್ಲ. ಕೈಯಲ್ಲಿ ತಳ್ಳಿ ಸ್ಟಾಪರಿಗೆ ತಾಗಿಸಿ ತಿರುಗಿಸಿದ್ರೆ ಪಿಸ್ಟನ್ ಪೂರ್ತಿ ಒಳಗೆ ಹೋಯ್ತು. ಆದ್ರೆ ಲಿವರ್ ಬುಡದಲ್ಲಿ ಪಸೆ ಪಸೆ ಇದೆ. ಒರೆಸಿದ್ರೆ ಮತ್ತೆ ಬರುತ್ತೆ. ಡಬ್ಲ್ಯೂಡಿ-40 ಹೊಡೆದು ಆಡಿಸಿದ್ರೆ ಸಾಲದಾ?

ಘಾಟಿ_ಇಳಿಯೋನು

ಸಾಲಲ್ಲ ಅಣ್ಣ. ಅದು ಬ್ರೇಕ್ ಆಯಿಲ್, ಶಾಫ್ಟ್ ಸೀಲ್ ಹೋಗಿದೆ. ಆಯಿಲ್ ಹೊರಗೆ ಬರೋ ದಾರಿಯಲ್ಲೇ ನೀರು ಒಳಗೆ ಹೋಗಿ ಶಾಫ್ಟ್ ತುಕ್ಕು ಹಿಡಿದಿರೋದು. ಡಬ್ಲ್ಯೂಡಿ-40 ಎರಡು ದಿನ ಆಡಿಸುತ್ತೆ, ಉಳಿದ ಸೀಲನ್ನೂ ಕೆಡಿಸುತ್ತೆ. ಎಡಗಡೆ ಕ್ಯಾಲಿಪರ್ ಹೊಸದು ಹಾಕಿಬಿಡಿ. ಮಡಿಕೇರಿ, ಕುಶಾಲನಗರದಲ್ಲಿ ಸಿಗದಿದ್ರೆ ಮೈಸೂರಿಂದ ತರಿಸಿ, ಎಡದ್ದೇ ಅಂತ ಹೇಳಿ ತರಿಸಿ. ಪ್ಯಾಡ್ ಮಾತ್ರ ಎರಡೂ ಕಡೆ ಹೊಸದು.

ಕ್ಯಾಲಿಪರ್ ಬದಲಾಯಿಸಿದ ಮೇಲೆ ಬ್ರೇಕ್ ಲೈನಿನೊಳಗಿನ ಗಾಳಿ ತೆಗೀಲೇಬೇಕು. ಹಾಗೇ ಹಳೇ ಆಯಿಲ್ ಪೂರ್ತಿ ಬದಲಾಯಿಸಿ, ಡಾಟ್ 4, ಸೀಲ್ ಒಡೆಯದ ಡಬ್ಬಿ. ಹೊಸ ಡಾಟ್ 4 ಕುದಿಯೋದಕ್ಕೆ ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತೆ. ಸಂಪಾಜೆ ಇಳಿತದಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಬರೋವಾಗ ಈ ವ್ಯತ್ಯಾಸ ಪೆಡಲ್‌ನಲ್ಲಿ ಗೊತ್ತಾಗುತ್ತೆ.

ಎಲ್ಲ ಮುಗಿದ ಮೇಲೆ ಮೊದಲು ಪೆಡಲ್, ಆಮೇಲೆ ಹ್ಯಾಂಡ್‌ಬ್ರೇಕ್. ಇಂಜಿನ್ ಆಫ್ ಇರೋವಾಗಲೇ ಪೆಡಲ್ ಗಟ್ಟಿಯಾಗೋವರೆಗೆ ತುಳೀರಿ, ಡಬ್ಬಿಯಲ್ಲಿ ಆಯಿಲ್ ನೋಡಿ, ಆಮೇಲೆ ಕೇಬಲ್ ಬಿಗಿ ಮಾಡಿ. ಹ್ಯಾಂಡ್‌ಬ್ರೇಕ್ ಇಳಿಸಿರೋವಾಗ ಎರಡೂ ಲಿವರ್ ಸ್ಟಾಪರ್ ಬಿಟ್ಟು ಏಳಬಾರದು. ಗಾಡಿ ಎತ್ತಿರೋವಾಗಲೇ ಹಿಂದಿನ ಚಕ್ರ ಕೈಯಲ್ಲಿ ಸುತ್ತಿ, ಸ್ವಲ್ಪ ಸವರೋ ಸದ್ದು ಬಂದ್ರೆ ಪರವಾಗಿಲ್ಲ, ಹಿಡಿದು ನಿಲ್ಲಬಾರದು.

ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಹದವಾಗಿ ಎಂಟು ಹತ್ತು ಸಲ ಇಳಿಸಿ, ನಡುವೆ ತಣಿಯೋಕೆ ಬಿಡಿ. ಕುಶಾಲನಗರದ ಕಡೆ ಸಮತಟ್ಟು ರಸ್ತೆ ಇದಕ್ಕೆ ಸರಿ. ಮನೆಗೆ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಎಡ ಹಿಂದಿನದು ಬಲಕ್ಕಿಂತ ಬಿಸಿ ಇದ್ರೆ ಕೇಬಲ್ಲೂ ಹಿಡಿದಿರಬಹುದು. ಕ್ಯಾಲಿಪರ್ ಬರೋದು ತಡವಾದ್ರೆ ಈ ವಾರ ಮಂಗಳೂರಿಗೆ ಬಸ್ಸು ಹತ್ತಿ.