ಹೊಗೆಸೊಪ್ಪಿನ ಹೈಬ್ರಿಡ್‌ನಲ್ಲಿ ಪ್ರೋಲಿನ್ ಇಷ್ಟು ಜಾಸ್ತಿ ಯಾಕೆ?

ಸಸಿಮಡಿ, ಶಿವಮೊಗ್ಗ
ಎಂಎಸ್ಸಿ ಪ್ರಾಜೆಕ್ಟಿಗೆ ಹೊಗೆಸೊಪ್ಪಿನ ಎರಡು ಜಾತಿಗಳಾದ ಟಬಾಕಮ್, ರಸ್ಟಿಕಾ ಮತ್ತು ಅವೆರಡರ ಹೈಬ್ರಿಡ್, ಮೂರರ ಹಸಿ ಎಲೆ ಅರೆದು ಅಮೈನೋ ಆಮ್ಲಗಳನ್ನು ಕಾಗದದ ಮೇಲೆ ಬೇರ್ಪಡಿಸುವ ಪೇಪರ್ ಕ್ರೊಮ್ಯಾಟೋಗ್ರಫಿ ಮಾಡಿದೆ. ಅವಕ್ಕೆ ಬಣ್ಣ ಬರಿಸುವ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದಾಗ ನೇರಳೆ ಚುಕ್ಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಬಂದವು, ಆದರೆ ಹೈಬ್ರಿಡ್‌ನಲ್ಲಿ ಮಾತ್ರ ಪ್ರೋಲಿನ್ ಎಂಬ ಅಮೈನೋ ಆಮ್ಲದ ಹಳದಿ ಚುಕ್ಕೆ ಗಾಢವಾಗಿ ಎದ್ದು ಕಾಣುತ್ತಿದೆ. ಅಪ್ಪ ಅಮ್ಮ ಎರಡರಲ್ಲೂ ಅದು ಮಸುಕು. ನಡುವಿನ ಮಟ್ಟ ಬರಬೇಕಿತ್ತು ಅಲ್ವಾ? ಹೈಬ್ರಿಡ್‌ನ ಹೊಸ ಗುಣ ಅಂತ ಬರೆಯಬಹುದಾ?

ಅಡಿಕೆತೋಟ, ತೀರ್ಥಹಳ್ಳಿ
ಈಗಲೇ ಬರೆಯಬೇಡಿ, ಸ್ವಲ್ಪ ತಡೆಯಿರಿ. ಎಲೆಯ ಅಮೈನೋ ಆಮ್ಲ ಬಹುಪಾಲು ಪ್ರೋಟೀನಿನೊಳಗೆ ಪೋಣಿಸಿಕೊಂಡಿರುತ್ತದೆ, ಉಳಿದದ್ದು ರಸದಲ್ಲಿ ಬಿಡಿಯಾಗಿರುತ್ತದೆ. ನೀವು ನೋಡಿದ್ದು ಈ ಬಿಡಿಯದ್ದು. ಅದು ಗೊಬ್ಬರ, ನೀರು, ಎಲೆಯ ವಯಸ್ಸಿನ ಮೇಲೆ ದಿನದಿನಕ್ಕೂ ಏರಿಳಿಯುತ್ತದೆ, ತಳಿಯ ಗುಣ ಅಂತ ಸುಮ್ನೆ ಹೇಳಿಬಿಡುವಂಥದ್ದಲ್ಲ. ಅದರಲ್ಲೂ ಗಿಡಕ್ಕೆ ನೀರು ಸಾಲದಿದ್ದರೆ ಎದ್ದುಕಾಣುವಂತೆ ಏರುವುದೇ ಪ್ರೋಲಿನ್. ಹೈಬ್ರಿಡ್ ಕುಂಡ ಎಲ್ಲಿಟ್ಟಿದ್ದಿರಿ? ಮೂರರಲ್ಲೂ ಮೇಲಿಂದ ಎಣಿಸಿ ಅದೇ ಸಂಖ್ಯೆಯ ಎಲೆ ಕಿತ್ತಿರಾ? ಇನ್ನೊಂದು, ಪೇಪರನ್ನು ಬರಿಗೈಲಿ ಮುಟ್ಟಬೇಡಿ. ಬೆವರಿನಲ್ಲೂ ಅಮೈನೋ ಆಮ್ಲ ಇದೆ, ಅಂಚಿನಲ್ಲಿ ನೇರಳೆ ಬೆರಳಚ್ಚು ಮೂಡುತ್ತದೆ.

ದರೆಮೇಲೆ, ಸಾಗರ
ತಾಯಿ ಗಿಡ ಯಾವುದು ಅಂತಲೂ ಬರೆದಿಡಿ. ಎಲೆಯಲ್ಲಿ ಕರಗುವ ಪ್ರೋಟೀನಿನಲ್ಲಿ ಸುಮಾರು ಅರ್ಧದವರೆಗೂ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೋ ಎಂಬ ಕಿಣ್ವ ಒಂದೇ ಇರುತ್ತದೆ. ಅದರ ದೊಡ್ಡ ತುಂಡಿನ ಜೀನ್ ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ನಲ್ಲಿದೆ, ಹಾಗಾಗಿ ಅದು ತಾಯಿಯಿಂದಲೇ ಬರುತ್ತದೆ, ಸಣ್ಣ ತುಂಡು ಇಬ್ಬರಿಂದಲೂ. ದೊಡ್ಡ ತುಂಡಿನ ವಿಷಯವನ್ನು ಚಾನ್ ಮತ್ತು ವೈಲ್ಡ್‌ಮನ್ ಎಂಬ ವಿಜ್ಞಾನಿಗಳು 1972ರಲ್ಲಿ ತೋರಿಸಿದ್ದು ಹೊಗೆಸೊಪ್ಪಿನ ಹೈಬ್ರಿಡ್‌ಗಳಲ್ಲೇ, ನನಗಂತೂ ತುಂಬಾ ಇಷ್ಟವಾದ ಕೆಲಸ ಅದು. ಆದರೆ ಎರಡು ಜಾತಿಯ ರುಬಿಸ್ಕೋ ನಡುವೆ ವ್ಯತ್ಯಾಸ ಇರುವುದು ಕೆಲವೇ ಅಮೈನೋ ಆಮ್ಲಗಳಲ್ಲಿ, ಇಡೀ ಎಲೆಯ ಲೆಕ್ಕ ಹಾಕಿದರೆ ಅದು ಕಾಣುವುದಿಲ್ಲ. ಪ್ರೋಟೀನನ್ನು ಆ್ಯಸಿಡ್‌ನಲ್ಲಿ ಬೇಯಿಸಿ ಅಳೆಯುವುದಾದರೆ ಟ್ರಿಪ್ಟೋಫಾನ್ ಹಾಳಾಗುತ್ತದೆ, ಗ್ಲುಟಮಿನ್ ಹೋಗಿ ಗ್ಲುಟಮಿಕ್ ಆಮ್ಲ ಆಗುತ್ತದೆ. ಅದನ್ನು ನೆನಪಿಟ್ಟುಕೊಂಡು ಓದಿ.

ಸಸಿಮಡಿ, ಶಿವಮೊಗ್ಗ
ಈಗಷ್ಟೇ ಹೋಗಿ ನೋಡಿ ಬಂದೆ. ಎರಡು ಕುಂಡ ಅಂಗಳದಲ್ಲಿ ಮಳೆಗೆ ನೆನೆಯುತ್ತಿವೆ, ಹೈಬ್ರಿಡ್ ಒಂದೇ ಗಿಡ ಅಂತ ಜೋಪಾನವಾಗಿ ಸೂರಿನಡಿ ಇಟ್ಟಿದ್ದೆ. ಮಣ್ಣಿಗೆ ಬೆರಳು ಹಾಕಿದರೆ ಎರಡು ಗೆಣ್ಣು ಆಳದವರೆಗೂ ಪುಡಿಪುಡಿ, ಕೆಳಗಿನ ಎಲೆ ಜೋತುಬಿದ್ದಿದೆ. ಕಿತ್ತಿದ್ದೂ ಆ ಕೆಳಗಿನ ಎಲೆಯನ್ನೇ. ಮೂರನ್ನೂ ಒಂದೇ ಕಡೆ ಇಟ್ಟು, ಅಳೆದು ನೀರು ಹಾಕಿ, ಎರಡು ವಾರ ಬಿಟ್ಟು ಮತ್ತೆ ಮಾಡುತ್ತೇನೆ. ತಾಯಿ ರಸ್ಟಿಕಾ.

ಅಡಿಕೆತೋಟ, ತೀರ್ಥಹಳ್ಳಿ
ಹೂಮೊಗ್ಗು ಬಂದರೆ ಮೂರರದ್ದೂ ಒಂದೇ ದಿನ ಚಿವುಟಿ, ಇಲ್ಲದಿದ್ದರೆ ಮೂರರದ್ದೂ ಹಾಗೇ ಬಿಡಿ. ಕುಡಿ ಮುರಿದರೆ ಬೇರಿನಲ್ಲಿ ನಿಕೋಟಿನ್ ತಯಾರಿ ಜೋರಾಗುತ್ತದೆ, ಅದಕ್ಕೆ ಬೇಕಾದ ಕಚ್ಚಾ ಸಾಮಾನಿನ ಒಂದು ಭಾಗ ಆರ್ಜಿನಿನ್, ಆರ್ನಿಥಿನ್ ಎಂಬ ಅಮೈನೋ ಆಮ್ಲಗಳ ಕಡೆಯಿಂದ ಬರಬೇಕು, ಹಾಗಾಗಿ ಬಿಡಿ ಅಮೈನೋ ಆಮ್ಲದ ಲೆಕ್ಕ ಏರುಪೇರಾಗಬಹುದು.