ಸಾಲ ಮಾಡಿ ಶಾಲೆ ಬದಲಿಸಬೇಕಾ?

(ಹಾವೇರಿ ಕಡೆಯ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಮಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಐದು ಕ್ಲಾಸಿಗೆ ಇಬ್ಬರೇ ಟೀಚರ್. ಸಂಘದಲ್ಲಿ ಸಾಲ ತೆಗೆದು ಕಾನ್ವೆಂಟಿಗೆ ಹಾಕೋಣ ಅಂತಾರೆ ಗಂಡ. ಇಬ್ಬರೂ ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. – ಸಂ.)

ಅಕ್ಕಾ, ನಿಮ್ಮ ಪತ್ರ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪನೂ ಹೀಗೇ ಮಾಡಿದ್ದರು. ಎಮ್ಮೆ ಮಾರಿ ಇಂಗ್ಲಿಷ್ ಮೀಡಿಯಂಗೆ ಹಾಕಿದರು, ಎರಡನೇ ವರ್ಷದ ಫೀಸಿಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು, ಆಮೇಲೆ ಯುಗಾದಿಗೆ, ದೀಪಾವಳಿಗೆ ಬಂದರೆ ಬಂದರು, ಇಲ್ಲಾಂದ್ರೆ ಇಲ್ಲ. ಸಾಲದವರಿಗೆ ಉತ್ತರ ಹೇಳಿಯೇ ಅವ್ವ ಸುಸ್ತು. ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ದಿನ, ಫೀಸು ಬಾಕಿ ಅಂತ ನನ್ನನ್ನು ಹೊರಗೆ ನಿಲ್ಲಿಸಿದರು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಭಾನುವಾರವೂ ದುಡಿಯುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯ್ತು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಸುಳ್ಳು ಹೇಳಬಾರದು. ಲೆಕ್ಕ ಬರದೆ ಕೂತಾಗ ಮನೆಯಲ್ಲಿ ಕೇಳುವವರಿರಲಿಲ್ಲ, ಅಷ್ಟೇ. ಅಪ್ಪ ತೀರಿಕೊಂಡು ಆರು ವರ್ಷ. ಆ ಅರ್ಧವಾರ್ಷಿಕ ಪರೀಕ್ಷೆಯ ವಿಷಯ ಅವರಿಗೆ ಗೊತ್ತೇ ಆಗಲಿಲ್ಲ.
– ಗದಗ ಜಿಲ್ಲೆಯ ಓದುಗ

ಮನೆಗೆ ಬಂದ ಮೇಲೆ ಮೊಬೈಲ್ ಹಿಡಿಯುತ್ತೀರೋ, ಮಗನ ಪುಸ್ತಕ ಹಿಡಿಯುತ್ತೀರೋ? ಮೊದಲು ಅದನ್ನು ಹೇಳಿ.
– ದಾವಣಗೆರೆ

(ದುಡಿದು ಬಂದವರಿಗೆ ಈ ಮಾತು ಸ್ವಲ್ಪ ಜಾಸ್ತಿಯೇ ಆಯಿತು. ನಿವೃತ್ತ ಮೇಷ್ಟ್ರೊಬ್ಬರ ಪತ್ರ ಇನ್ನೊಂದು ಕಡೆ ಬೆರಳು ತೋರಿಸುತ್ತದೆ. – ಸಂ.)

ತಂಗೀ, ಐದನೇ ಕ್ಲಾಸಿನವರೆಗೆ ಒಟ್ಟು 60 ಮಕ್ಕಳ ತನಕ ಇಬ್ಬರು ಟೀಚರ್ ಅಂತ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯೇ ಹೇಳುತ್ತದೆ. ಅದು ತಲೆ ಎಣಿಸುತ್ತದೆ, ಕ್ಲಾಸು ಎಣಿಸುವುದಿಲ್ಲ. ಆ ಇಬ್ಬರಲ್ಲೇ ಒಬ್ಬರು ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ ಬರೆಯಬೇಕು. ಇನ್ನು ಪಾಠ ಯಾವಾಗ? 61ನೇ ಮಗು ಬಂದರೆ ಮೂರನೇ ಟೀಚರ್ ಕೇಳಬಹುದು, ನಾವು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಇರುವ ಟೀಚರೂ ಹೋಗುತ್ತಾರೆ. ಶಾಲೆ ನೋಡಿಕೊಳ್ಳುವ ಸಮಿತಿ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಒಂದು ದಿನ ರಜೆ ಹಾಕಿ ಸಭೆಗೆ ಹೋಗಿ. ಅತಿಥಿ ಶಿಕ್ಷಕರು ಬೇಕು ಅಂತ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕೊಡಿ.
– ಶಿವಮೊಗ್ಗ

ಖಾಸಗಿ ಶಾಲೆಯಲ್ಲಿ ಫೀಸಿಲ್ಲದ ಆರ್‌ಟಿಇ ಸೀಟಿಗೆ ಯಾಕೆ ಅರ್ಜಿ ಹಾಕಲಿಲ್ಲ?
– ತುಮಕೂರು

(ಆ ಸೀಟು ಎಲ್‌ಕೆಜಿ, ಒಂದನೇ ಕ್ಲಾಸಿಗೆ ಮಾತ್ರ. ಹತ್ತಿರ ಸರ್ಕಾರಿ ಶಾಲೆ ಇದ್ದರೆ 2019ರ ನಂತರ ಅದೂ ಕಷ್ಟ. ಕೊನೆಯ ಪತ್ರ ನಮಗೆ ಬಹಳ ಹಿಡಿಸಿತು. – ಸಂ.)

ನನಗೆ ಓದು ಬರಲ್ಲ, ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ. ಸಂಜೆ ನಮ್ಮ ಕಟ್ಟೆ ಮೇಲೆ ಓಣಿಯ ಏಳೆಂಟು ಮಕ್ಕಳು ಕೂರುತ್ತವೆ. ನಾನು ಅವರೆಕಾಯಿ ಬಿಡಿಸುತ್ತಾ ಗಟ್ಟಿಯಾಗಿ ಓದ್ರಪ್ಪಾ ಅಂತೀನಿ. ತಡವರಿಸಿದರೆ ನನಗೂ ಗೊತ್ತಾಗುತ್ತೆ, ಇನ್ನೊಂದು ಸಲ ಓದು ಅಂತೀನಿ. ನಿಮ್ಮ ಓಣಿಯಲ್ಲೂ ನನ್ನಂಥ ಮುದುಕಿ ಇದ್ದೇ ಇರ್ತಾಳಮ್ಮಾ, ಕೇಳಿ ನೋಡು.
– ಚನ್ನರಾಯಪಟ್ಟಣ